ಇನ್ಸೆಪ್ಶನ್: ಹೋಟೆಲಲ್ಲಿ ತೇಲ್ತಾರೆ, ಹಿಮದಲ್ಲಿ ಯಾಕೆ ತೇಲಲ್ಲ?

ಪ್ರಶ್ನೆ:
ಇನ್ಸೆಪ್ಶನ್ (2010) ಸಿನಿಮಾದಲ್ಲಿ ಒಂದು ತಂಡ ವಿಮಾನದಲ್ಲಿ ಮಲಗಿ ಕನಸೊಳಗಿನ ಕನಸಿಗೆ ಇಳಿಯುತ್ತೆ: ಮೊದಲು ಮಳೆ ಸುರಿಯೋ ಊರು, ಅದರೊಳಗೆ ಹೋಟೆಲು, ಅದರೊಳಗೆ ಹಿಮದ ಕೋಟೆ. ಮಳೆ ಊರಲ್ಲಿ ಅವರು ಮಲಗಿರೋ ವ್ಯಾನ್ ಸೇತುವೆಯಿಂದ ಬೀಳುವಾಗ ಹೋಟೆಲಲ್ಲಿರೋರೆಲ್ಲ ಗಾಳಿಯಲ್ಲಿ ತೇಲ್ತಾರೆ. ಅದರ ಕೆಳಗಿನ ಹಿಮದ ಕೋಟೆಯಲ್ಲಿ ಮಾತ್ರ ಎಲ್ಲರ ಕಾಲೂ ನೆಲದ ಮೇಲೇ ಇರುತ್ತೆ. ಯಾಕೆ? ಸಮಯದ ಲೆಕ್ಕವನ್ನೂ ಯಾರಾದರೂ ಬಿಡಿಸಿ ಹೇಳಿ. ಸ್ಪಾಯ್ಲರ್ ಇದ್ದರೂ ಪರವಾಗಿಲ್ಲ.

ಉತ್ತರ 1:
ಮೊದಲು ಲೆಕ್ಕ. ತಂಡದ ಔಷಧಿಗಾರ ಯೂಸುಫ್ ಕೊಡೋ ನಿದ್ದೆ ಔಷಧಿಯಿಂದ ಕನಸಿನ ಒಂದೊಂದು ಹಂತಕ್ಕೂ ಸಮಯ 20 ಪಟ್ಟು ಹಿಗ್ಗುತ್ತೆ. ವಿಮಾನದ 10 ಗಂಟೆ ಅಂದ್ರೆ ಮಳೆ ಸುರಿಯೋ ಊರಲ್ಲಿ 200 ಗಂಟೆ, ಎಂಟು ದಿನ ಚಿಲ್ಲರೆ. ಹೋಟೆಲಲ್ಲಿ 4,000 ಗಂಟೆ, ಐದೂವರೆ ತಿಂಗಳು. ಹಿಮದಲ್ಲಿ 80,000 ಗಂಟೆ, ಒಂಬತ್ತು ವರ್ಷ. ಸಿನಿಮಾದಲ್ಲಿ ಇದನ್ನೇ ವಾರ, ಆರು ತಿಂಗಳು, ಹತ್ತು ವರ್ಷ ಅಂತ ಸುಮಾರಾಗಿ ಹೇಳ್ತಾರೆ. ಆ ಔಷಧಿ ಇಲ್ಲದ ಕನಸಿಗೆ 12 ಪಟ್ಟು ಮಾತ್ರ, 5 ನಿಮಿಷಕ್ಕೆ ಒಂದು ಗಂಟೆ. ಇವೆರಡನ್ನೂ ಕಲಸಿಕೊಂಡಾಗಲೇ ಲೆಕ್ಕ ತಪ್ಪೋದು.

ತೇಲೋ ವಿಷಯಕ್ಕೆ ಕನಸು ಯಾರದು ನೋಡಿ. ಹೋಟೆಲು ತಂಡದ ಆರ್ಥರ್ ಕನಸು, ಅವನ ಮೈ ವ್ಯಾನಿನಲ್ಲಿದೆ. ಮೈಯ ಸಮತೋಲ ತಿಳಿಯೋ ಒಳಕಿವಿಯನ್ನು ಔಷಧಿ ಮಲಗಿಸಲ್ಲ, ಹಾಗಾಗಿ ಬೀಳೋದು ಅವನಿಗೆ ತಿಳಿಯುತ್ತೆ, ಹೋಟೆಲಲ್ಲಿ ತೂಕ ಮಾಯ. ಕೋಟೆ ತಂಡದ ಇನ್ನೊಬ್ಬ ಈಮ್ಸ್ ಕನಸು. ಅವನ ಮೈ ಹೋಟೆಲಲ್ಲಿ ತೇಲ್ತಿದೆ, ಬೀಳ್ತಿಲ್ಲ; ಹಾಗಾಗಿ ಕೋಟೆಯಲ್ಲಿ ತೂಕ ಮಾಯವಾಗಲ್ಲ.

ಉತ್ತರ 2:
ಆ ಕೊನೇ ಮಾತು ನಿಲ್ಲಲ್ಲ. ಒಳಕಿವಿಗೆ ತೇಲೋದೂ ಒಂದೇ, ಬೀಳೋದೂ ಒಂದೇ. ನಿಯಮದ ಪ್ರಕಾರ ಕೋಟೆಯಲ್ಲೂ ತೇಲಬೇಕಿತ್ತು, ಸಿನಿಮಾ ಜಾರಿಕೊಂಡಿದೆ ಅಷ್ಟೆ. ಸಮರ್ಥಿಸಲೇಬೇಕಾದರೆ, ಹಂತ ಇಳಿದಷ್ಟೂ ಅನುಭವ ಮಂಕಾಗುತ್ತೆ ಅನ್ನಬಹುದು: ವ್ಯಾನ್ ಸೇತುವೆಯ ಅಡ್ಡಗಟ್ಟೆ ಒಡೆದದ್ದು ಕೆಳಗೆ ಹಿಮಕುಸಿತವಾಗಿ ಮಾತ್ರ ಕಾಣುತ್ತೆ.

ಇದಕ್ಕಿಂತ ದೊಡ್ಡ ತೂತು ಬೇರೆ ಇದೆ. ಸೇತುವೆ 20 ಮೀಟರ್ ಎತ್ತರ ಅಂತಿಟ್ಟುಕೊಳ್ಳಿ, ನೀರು ಮುಟ್ಟೋಕೆ 2 ಸೆಕೆಂಡು. ಆರ್ಥರ್‌ಗೆ ಸಿಗೋದು 40 ಸೆಕೆಂಡು! ಅಷ್ಟರಲ್ಲಿ ನಿದ್ದೆಯಲ್ಲಿರೋ ಐದು ಜನರನ್ನು ಒಟ್ಟಿಗೆ ಕಟ್ಟಿ, ಲಿಫ್ಟಿಗೆ ತಳ್ಳಿ, ಅವರನ್ನು ಎಬ್ಬಿಸೋ ಧಕ್ಕೆಗೆ ಸ್ಫೋಟಕ ಇಡಬೇಕು.

ಉತ್ತರ 3:
ಇನ್ನೊಂದು ಗೊಂದಲ: ತಿರುಗೋ ಕಾರಿಡಾರಿನ ಹೊಡೆದಾಟ ಬೇರೆ, ತೇಲೋ ದೃಶ್ಯ ಬೇರೆ. ಮೊದಲನೆಯದು ವ್ಯಾನ್ ಪಲ್ಟಿ ಹೊಡೆಯುವಾಗಿನದು. ಅದಕ್ಕೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನ ಹಳೇ ವಾಯುನೌಕೆ ಶೆಡ್ಡಿನಲ್ಲಿ 100 ಅಡಿ ಉದ್ದದ ಕಾರಿಡಾರ್ ಕಟ್ಟಿ ಇಡಿಯಾಗಿ ತಿರುಗಿಸಿದರು. ತೇಲೋದಕ್ಕೆ ಇನ್ನೊಂದು ಕಾರಿಡಾರನ್ನು ಬಾವಿ ಥರ ನೆಟ್ಟಗೆ ನಿಲ್ಲಿಸಿ, ನಟನನ್ನು ತಂತಿಯಲ್ಲಿ ಇಳಿಬಿಟ್ಟು, ತಳದಿಂದ ಮೇಲಕ್ಕೆ ಕ್ಯಾಮೆರಾ ಹಿಡಿದರು. ತಂತಿ ನಟನ ಮೈ ಹಿಂದೆ ಮರೆಯಾಗುತ್ತೆ.

ನಮ್ಮ ಲೂಸಿಯಾ (2013) ಕನಸನ್ನೂ ನಿಜವನ್ನೂ ಬೇರೆ ಮಾಡಿದ್ದು ಬರೀ ಬಣ್ಣ ಮತ್ತು ಕಪ್ಪು-ಬಿಳುಪಿನಲ್ಲಿ. ಖರ್ಚು ಕಮ್ಮಿ, ಮೋಸ ಜಾಸ್ತಿ.