ಲೀನಿಯರ್ ರೈಲ್: ಯಾವುದನ್ನು ಕೊಳ್ಳಬೇಕು, ಹೇಗೆ ಕೂರಿಸಬೇಕು?

ಕೋರಿಕೆ: ಮರದ ಕೆತ್ತನೆಗಾಗಿ 600 × 900 ಮಿ.ಮೀ. ಹಾಸಿನ ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಒಂದನ್ನು ಮನೆಯ ಶೆಡ್ಡಿನಲ್ಲಿ ಕಟ್ಟುತ್ತಿದ್ದೇನೆ. ಅದರ ಚಲಿಸುವ ಭಾಗಗಳು ನೇರವಾಗಿ ಸರಿಯಲು ಹಳಿಯಂತಹ ಲೀನಿಯರ್ ರೈಲ್ ಬೇಕು. ಎಸ್‌ಬಿಆರ್ 16 (16 ಮಿ.ಮೀ. ವ್ಯಾಸದ) ದುಂಡು ರಾಡು ಸಾಕಾದೀತೇ ಅಥವಾ ಎಚ್‌ಜಿಆರ್ 20 (20 ಮಿ.ಮೀ. ಅಗಲದ) ಚೌಕ ರೈಲೇ ಬೇಕೇ? ಕೂರಿಸುವಾಗ ಮತ್ತು ಬಳಸುವಾಗ ಏನನ್ನು ಗಮನಿಸಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಿ.

ಪೀಣ್ಯದಿಂದ, ಯಂತ್ರ ಜೋಡಣೆಯ ಕೆಲಸದವರು: ರೈಲಿಗಿಂತ ಮೊದಲು ಅದು ಕೂರುವ ಮೈಯನ್ನು ನೋಡಿಕೊಳ್ಳಿ. ಗಟ್ಟಿ ಉಕ್ಕಿನಂತೆ ಕಂಡರೂ ಬೋಲ್ಟು ಬಿಗಿದೊಡನೆ ರೈಲು ತನ್ನ ಕೆಳಗಿನ ಮೈಯ ಏರುತಗ್ಗುಗಳಿಗೆ ತಕ್ಕಂತೆ ಬಾಗಿಬಿಡುತ್ತದೆ. ಚೌಕ ರೈಲಿನ ಮೇಲೆ ಜಾರುವ ಬ್ಲಾಕಿನೊಳಗೆ ನಾಲ್ಕು ಸಾಲು ಗುಂಡುಗಳು 45 ಡಿಗ್ರಿ ಕೋನದಲ್ಲಿ ಒತ್ತುವುದರಿಂದ, ಭಾರ ಮೇಲಿನಿಂದ ಬರಲಿ, ಪಕ್ಕದಿಂದ ಬರಲಿ, ಹೆಚ್ಚುಕಡಿಮೆ ಸಮನಾಗಿ ಹೊರುತ್ತದೆ. ದುಂಡು ರಾಡಿನ ಬೇರಿಂಗ್ ಕೆಳಭಾಗದಲ್ಲಿ ತೆರೆದಿರುವುದರಿಂದ ಎತ್ತುವ ಬಲಕ್ಕೆ ಅಷ್ಟು ತಡೆಯದು. ನಿಮ್ಮ ಅಳತೆಯ ಯಂತ್ರಕ್ಕೆ 15ರ ಚೌಕ ರೈಲೇ ಸಾಕು ಎಂಬುದು ನನ್ನ ಅಭಿಪ್ರಾಯ. ಉಳಿದ ಹಣವನ್ನು ಚೌಕಟ್ಟಿನ ಮೈಯನ್ನು ಮಿಲ್ಲಿಂಗ್ ಮಾಡಿಸಲು ಬಳಸಿ. ಬ್ಲಾಕುಗಳ ನಡುವಿನ ಅಂತರವನ್ನು ಮಾತ್ರ ಕಡಿಮೆ ಮಾಡಬೇಡಿ, ಏಕೆಂದರೆ ಅಂತರ ಕುಗ್ಗಿದಷ್ಟೂ ಕಟ್ಟರಿನ ತಿರುಚು ಬಲ ಒಂದೊಂದು ಬ್ಲಾಕಿನ ಮೇಲೂ ಹೆಚ್ಚಾಗುತ್ತದೆ, ಮತ್ತು ಭಾರ ಎರಡು ಪಟ್ಟಾದರೆ ಗುಂಡುಗಳ ಆಯುಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಸುಗೆ ಹಾಕಿದ ಚೌಕಟ್ಟಾದರೆ ಪ್ರೀಲೋಡ್ (ಬ್ಲಾಕಿನೊಳಗೆ ಗುಂಡುಗಳನ್ನು ಮೊದಲೇ ಒತ್ತಿ ಕೂರಿಸಿದ ಬಿಗಿ) ಹಗುರವಾದದ್ದನ್ನೇ ಕೇಳಿ ಪಡೆಯಿರಿ.

ರೂಟರ್ ಕಟ್ಟಿ ಮುಗಿಸಿದ ಹವ್ಯಾಸಿಯೊಬ್ಬರು: ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ನನ್ನ ಗ್ಯಾಂಟ್ರಿ (ಕಟ್ಟರನ್ನು ಹೊತ್ತು ರೈಲಿನ ಮೇಲೆ ಸರಿಯುವ ಸೇತುವೆಯಂತಹ ಭಾಗ) ನಡುಭಾಗದಲ್ಲಿ ಒಂದು ಬೆರಳಿಗೆ ಸರಿಯುತ್ತಿತ್ತು, ಬಲತುದಿಯ ಒಂದು ಗೇಣಿನಲ್ಲಿ ಎರಡು ಕೈಯಿಂದ ನೂಕಬೇಕಾಗುತ್ತಿತ್ತು. ಬ್ಲಾಕು ಕೆಟ್ಟಿದೆಯೆಂದೇ ತಿಳಿದು ಎರಡು ದಿನ ಕಳೆದೆ. ಕೊನೆಗೆ ರೈಲನ್ನು ಬಿಚ್ಚಿ ಉಗುರಿನಿಂದ ಮೈಯನ್ನು ಸವರಿದಾಗ, ಟ್ಯಾಪ್ ಹೊಡೆದ (ಬೋಲ್ಟಿಗಾಗಿ ಒಳಮರೆ ಕೊರೆದ) ತೂತೊಂದರ ಅಂಚಿನಲ್ಲಿ ಎದ್ದಿದ್ದ ಸಣ್ಣ ಬರ್, ಅಂದರೆ ಲೋಹದ ಚೂಪು ಅಂಚು, ಉಗುರಿಗೆ ತಗುಲಿತು. ಆಯಿಲ್ ಸ್ಟೋನಿನಿಂದ ಅದನ್ನು ಉಜ್ಜಿ, ಒಂದು ರೈಲನ್ನು ಮೊದಲು ನೇರವಾಗಿ ಬಿಗಿದೆ. ಅದರ ಬ್ಲಾಕಿನ ಮೇಲೆ ಡಯಲ್ ಗೇಜ್ (ಸೂಕ್ಷ್ಮ ಏರುಪೇರು ತೋರಿಸುವ ಮಾಪಕ) ಕೂರಿಸಿ, ಅದರ ಮೊನೆಯನ್ನು ಎರಡನೆಯ ರೈಲಿನ ಪಕ್ಕಕ್ಕೆ ತಾಗಿಸಿ, ತುದಿಯಿಂದ ತುದಿಗೆ ಸರಿಸುತ್ತ ಅದನ್ನು ಸಮಾಂತರಕ್ಕೆ ತಂದೆ. ಬೋಲ್ಟುಗಳನ್ನು ನಡುವಿನಿಂದ ತುದಿಗಳತ್ತ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. 20ರ ರೈಲಿನ ಎಂ5 ಬೋಲ್ಟಿಗೆ ಉಕ್ಕಿನ ಮೇಲೆ ಸುಮಾರು 9 ನ್ಯೂಟನ್ ಮೀಟರ್ ಬಿಗಿತ, ಅಲ್ಯೂಮಿನಿಯಂ ಆದರೆ ಅದರ ಅರ್ಧದಷ್ಟೇ ಸಾಕು.

ಇನ್ನೊಂದು ಮಾತು: ಬ್ಲಾಕಿನ ಜೊತೆ ಬರುವ ಪ್ಲಾಸ್ಟಿಕ್ ತುಂಡನ್ನು ಎಸೆಯಬೇಡಿ. ಬ್ಲಾಕನ್ನು ರೈಲಿನಿಂದ ನೇರವಾಗಿ ಎಳೆದರೆ ಹಲವು ಮಾದರಿಗಳಲ್ಲಿ ಗುಂಡುಗಳು ಉದುರುತ್ತವೆ. ಆ ತುಂಡನ್ನು ರೈಲಿನ ತುದಿಗೆ ಒತ್ತಿ ಹಿಡಿದು ಬ್ಲಾಕನ್ನು ಅದರ ಮೇಲೆ ಜಾರಿಸಿಕೊಳ್ಳಬೇಕು.

ಸಾಗರದಿಂದ, ಕೆತ್ತನೆ ಯಂತ್ರ ನಡೆಸುವವರು: ಮರದ ಪುಡಿ ಗ್ರೀಸಿನ ಎಣ್ಣೆಯನ್ನು ಹೀರಿ ಅಂಟಾಗುತ್ತದೆ, ಆದ್ದರಿಂದ ದಿನದ ಕೆಲಸ ಮುಗಿದೊಡನೆ ರೈಲನ್ನು ಬಟ್ಟೆಯಿಂದ ಒರೆಸಿ. ಕಂಪ್ರೆಸರ್ ಗಾಳಿಯನ್ನು ಬ್ಲಾಕಿನತ್ತ ಹಿಡಿಯಲೇಬೇಡಿ, ಅದು ಪುಡಿಯನ್ನು ಸೀಲಿನೊಳಕ್ಕೇ ತಳ್ಳುತ್ತದೆ. ಬೋಲ್ಟಿನ ತೂತುಗಳಿಗೆ ಮುಚ್ಚಳ ಹಾಕಿ. ಗ್ರಾಫೈಟ್ ಬೆರೆಸಿದ ಗ್ರೀಸ್ ಬೇಡ; ಲಿಥಿಯಂ ಗ್ರೀಸನ್ನು ಬ್ಲಾಕಿನ ನಿಪ್ಪಲಿನಿಂದ (ಗ್ರೀಸ್ ತುಂಬುವ ಬಾಯಿಯಿಂದ) ಸ್ವಲ್ಪ ಸ್ವಲ್ಪವೇ ತುಂಬುತ್ತ, ಬ್ಲಾಕನ್ನು ಹಿಂದೆಮುಂದೆ ಸರಿಸಿ. ನಮ್ಮ ಕಡೆ ಮಳೆಗಾಲದಲ್ಲಿ ವಾರ ಯಂತ್ರ ನಿಂತರೂ ರೈಲಿನ ಮೇಲೆ ಕೆಂಪು ಕಾಣಿಸಿಕೊಳ್ಳುವುದರಿಂದ, ನಿಲ್ಲಿಸುವ ಮುನ್ನ ತೆಳುವಾಗಿ ಎಣ್ಣೆ ಸವರುತ್ತೇನೆ. ಇಡೀ ದಿನ ಒಂದೇ ಅಂಗುಲದಲ್ಲಿ ಓಡಾಡುವ ಕೆಲಸವಿದ್ದರೆ, ಆಗಾಗ ಗ್ಯಾಂಟ್ರಿಯನ್ನು ಪೂರ್ತಿ ಉದ್ದಕ್ಕೆ ಒಮ್ಮೆ ಓಡಿಸಿ, ಇಲ್ಲವಾದರೆ ಆ ಜಾಗದಲ್ಲಿ ಗ್ರೀಸ್ ಬತ್ತಿ ಗುಂಡುಗಳ ಗುರುತು ರೈಲಿನಲ್ಲೇ ಉಳಿದುಬಿಡುತ್ತದೆ.