ದಾಸರ ಪದಕ್ಕೆ ರಿವರ್ಬ್ ಹಾಕಿದರೆ ಸಾಹಿತ್ಯವೇ ತಿಳಿಯುತ್ತಿಲ್ಲ

ಪ್ರಶ್ನೆ (ರಾಯಚೂರು)

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರು ಹಾಡುವ ದಾಸರ ಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದೇನೆ. ಜೊತೆಗೆ ತಂಬೂರಿ, ತಬಲಾ, ತಾಳ ಇಷ್ಟೇ. ಕಲ್ಲುಮಂಟಪದಲ್ಲಿ ಕುಳಿತು ಹಾಡಿದಂತೆ ಕೇಳಿಸಲಿ ಎಂದು ಧ್ವನಿಯ ಟ್ರ್ಯಾಕ್ ಮೇಲೆಯೇ ಹಾಲ್ ರಿವರ್ಬ್ (ದೊಡ್ಡ ಸಭಾಂಗಣದ ಅನುರಣನ ಕೊಡುವ ಎಫೆಕ್ಟ್) ಹಾಕಿದ್ದೇನೆ: ಡಿಕೇ (ಅನುರಣನ ಆರುವ ಹೊತ್ತು) 3 ಸೆಕೆಂಡ್, ಪ್ರೀ-ಡಿಲೇ (ಮೂಲ ಧ್ವನಿಗೂ ಅನುರಣನಕ್ಕೂ ನಡುವಿನ ಅಂತರ) ಸೊನ್ನೆ, ವೆಟ್ (ಮಿಶ್ರಣದಲ್ಲಿ ಅನುರಣನದ ಪಾಲು) ಶೇ 40. ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತಿವೆ. ವೆಟ್ ಇಳಿಸಿದರೆ ಮಂಟಪವೇ ಮಾಯ. ಲಯ 75 ಬಿಪಿಎಂ (ನಿಮಿಷಕ್ಕೆ 75 ಬೀಟ್). ಏನು ಮಾಡಲಿ?

ಉತ್ತರ (ಬಳ್ಳಾರಿ)

ವೆಟ್ ಹಾಗಿರಲಿ, ಮೊದಲು ಡಿಕೇ ನೋಡಿ. ಡಿಕೇ 3 ಸೆಕೆಂಡ್ ಎಂದರೆ ಅನುರಣನ 60 ಡೆಸಿಬಲ್ ಇಳಿಯಲು ಅಷ್ಟು ಹೊತ್ತು ಬೇಕು. ನಿಮ್ಮ ಲಯದಲ್ಲಿ ಒಂದು ಬೀಟ್‌ಗೆ 800 ಮಿಲಿಸೆಕೆಂಡ್. ಅದರಲ್ಲಿ ನಾಲ್ಕು ಅಕ್ಷರ ಹಾಡಿದರೆ ತಲಾ 200. ಅಷ್ಟರೊಳಗೆ ಹಿಂದಿನ ಅಕ್ಷರದ ಅನುರಣನ ಬರೀ 4 ಡೆಸಿಬಲ್ ಇಳಿದಿರುತ್ತದೆ. ಮುಂದಿನ ಅಕ್ಷರ ಅದರೊಂದಿಗೆ ಗುದ್ದಾಡಲೇಬೇಕು! ಡಿಕೇಯನ್ನು 1.2 ಸೆಕೆಂಡಿಗೆ ತನ್ನಿ, ಅಷ್ಟೇ ಹೊತ್ತಿನಲ್ಲಿ 10 ಡೆಸಿಬಲ್ ಇಳಿಯುತ್ತದೆ.

ಮಂಟಪ ಮಾಯವಾಗದಿರಲು ಪ್ರೀ-ಡಿಲೇ 30 ಮಿಲಿಸೆಕೆಂಡ್ ಕೊಡಿ. ಶಬ್ದ ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಾಗಾಗಿ ಧ್ವನಿ ಹತ್ತು ಮೀಟರ್ ಸುತ್ತಿ ಬಂದಂತೆ ಕಿವಿಗೆ ತೋರುತ್ತದೆ, ವ್ಯಂಜನವೂ ಸ್ಪಷ್ಟವಾಗಿ ಮೊದಲು ದಾಟಿಹೋಗಿರುತ್ತದೆ. ಜಾಗ ದೊಡ್ಡದೆನಿಸುವುದು ಬಹುಮಟ್ಟಿಗೆ ಈ ಅಂತರದಿಂದ ಮತ್ತು ಮೊದಲ ಪ್ರತಿಫಲನಗಳಿಂದ.

ರಿವರ್ಬನ್ನು ಧ್ವನಿಯ ಟ್ರ್ಯಾಕ್‌ನಿಂದ ತೆಗೆದು ಬೇರೆ ಬಸ್‌ನಲ್ಲಿ (ಹಲವು ಟ್ರ್ಯಾಕ್‌ಗಳ ಧ್ವನಿ ಕಳುಹಿಸಬಹುದಾದ ಪ್ರತ್ಯೇಕ ಚಾನೆಲ್) ಹಾಕಿ, ಅಲ್ಲಿ ವೆಟ್ ಶೇ 100 ಇರಲಿ, ಸೆಂಡ್‌ನಿಂದ (ಟ್ರ್ಯಾಕ್‌ನಿಂದ ಬಸ್‌ಗೆ ಎಷ್ಟು ಧ್ವನಿ ಹೋಗಬೇಕೆಂಬ ಗುಂಡಿ) ಪ್ರಮಾಣ ನಿಯಂತ್ರಿಸಿ. ಆ ಬಸ್‌ನಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನದನ್ನೂ 7 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸಿದರೆ ಗುಂಯ್‌ಗುಡುವಿಕೆಯೂ 'ಸ', 'ಶ'ಗಳ ಸಿಳ್ಳೂ ತಗ್ಗುತ್ತವೆ. ಡಗ್ಗಾವನ್ನು (ತಬಲಾ ಜೋಡಿಯ ತಗ್ಗು ಸ್ವರದ ವಾದ್ಯ) ಆ ಬಸ್‌ಗೆ ಕಳುಹಿಸಲೇಬೇಡಿ.

ವಿಜಯದಾಸರು, ಜಗನ್ನಾಥದಾಸರು ಬಾಳಿದ ಸೀಮೆ ನಿಮ್ಮದು. ಆ ಪದಗಳಲ್ಲಿ ಮಾತು ಕೇಳದಿದ್ದರೆ ರಾಗ ಎಷ್ಟು ಚೆನ್ನಾಗಿದ್ದರೇನು? ಗುಂಗು ಬೇಕೇ ಬೇಕೆಂದರೆ 'ವಿಜಯವಿಠಲ' ಎಂಬ ಅಂಕಿತ ಮುಗಿಯುವಲ್ಲಿ ಮಾತ್ರ ಆಟೊಮೇಷನ್‌ನಿಂದ (ಬೇಕಾದ ಕ್ಷಣದಲ್ಲಿ ತಾನಾಗಿ ಬದಲಾಗುವಂತೆ ಮಾಡುವ ಸೌಲಭ್ಯ) ಸೆಂಡ್ ಏರಿಸಿ. ಅದಾದ ಮೇಲೆ ಹಾಡಿಲ್ಲ, ಅನುರಣನ ಎಷ್ಟು ಬೇಕಾದರೂ ಹರಡಲಿ.

ರಾಯಚೂರು

ಮಾತು ಬಿಡಿಸಿ ಕೇಳುತ್ತಿದೆ ಸರ್, ತುಂಬಾ ಧನ್ಯವಾದ. ಆದರೆ ರಿವರ್ಬ್ ಪೂರ್ತಿ ಆರಿಸಿದರೂ ಏರುಸ್ವರಗಳಲ್ಲಿ ತಗಡಿನಂಥ 'ಟಣ್' ಉಳಿದಿದೆ.

ಉತ್ತರ (ಕೊಪ್ಪಳ)

ಅದು ನಿಮ್ಮ ಕೋಣೆಯದು. ಗಿಲಾಯಿ ಮಾಡಿದ ಎದುರುಬದುರು ಗೋಡೆಗಳ ನಡುವೆ, ಕಲ್ಲು ಹಾಸಿದ ನೆಲದ ಮೇಲೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಅದೇ 'ಟಣ್' ಕೇಳುತ್ತದೆ. ಅದು ರೆಕಾರ್ಡಿಂಗ್‌ನೊಳಗೇ ಸೇರಿರುವುದರಿಂದ ಪ್ಲಗಿನ್‌ನಿಂದ ಅಚ್ಚುಕಟ್ಟಾಗಿ ಹೋಗುವುದಿಲ್ಲ. ಅದರ ಮೇಲೆ ರಿವರ್ಬ್ ಹಾಕಿದರೆ ಎರಡು ಕೋಣೆಗಳು ಒಟ್ಟಿಗೆ ಕೇಳುತ್ತವೆ. ತಾಯಿಯವರ ಬೆನ್ನಹಿಂದೆ ದಪ್ಪ ಕೌದಿಗಳನ್ನು ಎರಡು ಪದರವಾಗಿ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿ. ನೆಲಕ್ಕೆ ಜಮಖಾನ ಹಾಸಿ. ಮೂಲೆಯಲ್ಲಿ ಕೂರಿಸಬೇಡಿ, ಅಲ್ಲಿನ ತಗ್ಗು ಸ್ವರಗಳ ಗುಡುಗನ್ನು ಕೌದಿ ಹೀರುವುದಿಲ್ಲ. ಕಾರ್ಡಿಯಾಯ್ಡ್ ಮೈಕ್ (ಮುಖ್ಯವಾಗಿ ಎದುರಿನ ಧ್ವನಿಯನ್ನೇ ಹಿಡಿಯುವ ಮೈಕ್) ಆಗಿದ್ದರೆ ಬಾಯಿಂದ 15–20 ಸೆಂಟಿಮೀಟರ್ ದೂರ ಸಾಕು. ಫ್ಯಾನ್ ಆರಿಸಲೇಬೇಕಾದ್ದರಿಂದ ಬಿಸಿಲೇರುವ ಮೊದಲೇ, ಬೆಳಿಗ್ಗೆ ಹಾಡಿಸಿಕೊಳ್ಳಿ.