ಪುಸ್ತಕ ಓದಿ ಲೇಖಕರಿಗೆ ಕಾಗದ ಬರ್ದಿದೀರಾ ಯಾರಾದ್ರೂ? ಏನಂತ ಬರೀಬೇಕು?

ಹರಿಹರ ಬಸ್ಸು:
ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯಿಂದ ದಿನಾ ಹರಿಹರಕ್ಕೆ ಕೆಲಸಕ್ಕೆ ಹೋಗಿ ಬರೋಳು, ಹೋಗ್ತಾ ಅರ್ಧ ಗಂಟೆ ಬರ್ತಾ ಅರ್ಧ ಗಂಟೆ ಬಸ್ಸಲ್ಲೇ ನನ್ನ ಓದು, ಮನೇಲಿ ಮಕ್ಳು ಅಡುಗೆ ಅಂತ ಪುಸ್ತಕ ಮುಟ್ಟಕ್ಕೂ ಆಗಲ್ಲ, ಆದ್ರೂ ತಿಂಗ್ಳಿಗೆ ಎರಡು ಮುಗಿಸ್ತೀನಿ. ಹೋದ ತಿಂಗ್ಳು ಬೆಂಗ್ಳೂರಿಗೆ ಹೋದಾಗ ಅವೆನ್ಯೂ ರೋಡಲ್ಲಿ ಒಂದು ಹಳೇ ಕಾದಂಬರಿ ಸಿಕ್ತು, 60 ರೂಪಾಯಿ, ಬೈಂಡಿಂಗ್ ಬಿಟ್ಕೊಂಡಿತ್ತು. ನೋಡಿದ್ರೆ ಮುಂಚೆ ಓದಿದವ್ರು ಯಾರೋ ಅಂಚಲ್ಲೆಲ್ಲಾ ಪೆನ್ಸಿಲಲ್ಲಿ ಬರ್ದಿದಾರೆ. ದುಂಡಗಿನ ಅಕ್ಷರ, ಹೆಂಗಸ್ರದ್ದೇ ಅನ್ಸುತ್ತೆ. ಸೊಸೆ ಮೊದಲ್ನೇ ಸಲ ಎದುರುತ್ತರ ಕೊಡೋ ಜಾಗದಲ್ಲಿ "ಸರಿಯಾಗಿ ಹೇಳಿದಳು" ಅಂತಿದೆ. ಮುಂದೆ ಗಂಡ ಎಲ್ಲಾ ಕೇಳಿಸ್ಕೊಂಡೂ ಪೇಪರ್ ಓದ್ತಾ ಕೂತಿರೋ ಪುಟದಲ್ಲಿ "ಇವರೂ ಹೀಗೇ" ಅಂತ ಎರಡೇ ಪದ. ಅದನ್ನ ನೋಡ್ತಾ ಕೂತು ನನ್ನ ಸ್ಟಾಪ್ ದಾಟೋಗಿ ಆಟೋದಲ್ಲಿ ವಾಪಸ್ ಬಂದೆ.

ಈಗ ಕೇಳ್ಬೇಕಿರೋದು ಇಷ್ಟೇ. ಲೇಖಕಿ ಇದಾರೆ, ವಯಸ್ಸಾಗಿದೆ, ಮೊದಲ್ನೇ ಪುಟದ ಹಿಂದೆ ಅವರ ವಿಳಾಸ, ಲ್ಯಾಂಡ್‌ಲೈನ್ ನಂಬರ್ ಎರಡೂ ಅಚ್ಚಾಗಿದೆ. ಬರೀಬೇಕು ಅಂತ ತುಂಬಾ ಆಸೆ. ಆದ್ರೆ ನಾನು ಬಿಕಾಂ ಓದಿದೋಳು, ಸಾಹಿತ್ಯದ ಮಾತೆಲ್ಲಾ ಬರಲ್ಲ. ಆ ಪೆನ್ಸಿಲ್ ಸಾಲುಗಳ ವಿಷ್ಯಾನೂ ಹೇಳ್ಬಹುದಾ, ಅದು ಇನ್ಯಾರದೋ ಮನೆ ಗುಟ್ಟು ಹೇಳಿದ ಹಾಗಾಗುತ್ತಾ? ಪುಸ್ತಕದ ಹೆಸ್ರು ಇಲ್ಲಿ ಹಾಕಲ್ಲ, ಮೊದ್ಲು ಅವ್ರಿಗೇ ಹೇಳ್ಬೇಕು ಅಂತಿದೆ.

ಪುತ್ತೂರಿನವ:
ಬರೆಯಿರಿ, ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಏನುಂಟು? ನಾನು ಶಾಲೆಯಲ್ಲಿ ಕನ್ನಡ ಕಲಿಸಿ ರಿಟೈರ್ ಆದವ. ನಮ್ಮ ಊರಿನ ಬಾಲವನದಲ್ಲಿ ಕಾರಂತರು ಎಷ್ಟೋ ವರ್ಷ ಇದ್ದರು, ಅವರು ಓದುಗರ ಕಾಗದಕ್ಕೆ ಉತ್ತರ ಬರೆಯುತ್ತಿದ್ದ ವಿಷಯ ನಮ್ಮ ಕಡೆ ಹಳಬರನ್ನು ಯಾರನ್ನು ಕೇಳಿದರೂ ಹೇಳ್ತಾರೆ. ಅಷ್ಟು ಕೆಲಸದ ನಡುವೆ ಅವರಿಗೆ ಪುರುಸೊತ್ತು ಸಿಗುತ್ತಿತ್ತು ಅಂದ್ರೆ ಓದುಗ ಅಂದ್ರೆ ಅವರಿಗೆ ಲೆಕ್ಕಕ್ಕೆ ಇದ್ದ ಅಂತಲೇ ಅಲ್ವಾ. ಒಂದು ಮಾತು ಮಾತ್ರ, "ತುಂಬಾ ಚೆನ್ನಾಗಿದೆ, ಮನಸ್ಸಿಗೆ ತಟ್ಟಿತು" ಅಂತ ಬರೆದು ಬಿಡಬೇಡಿ, ಅದು ಯಾವ ಪುಸ್ತಕಕ್ಕೂ ಹೊಂದುತ್ತದೆ. ಸ್ಟಾಪ್ ದಾಟಿ ಹೋದದ್ದನ್ನು ಬರೆಯಿರಿ, ಯಾವ ಪುಟ ಅಂತಲೂ ಬರೆಯಿರಿ. ಪೋಸ್ಟ್ ಕಾರ್ಡಿಗೆ ಇವತ್ತಿಗೂ ಐವತ್ತು ಪೈಸೆ, ಆದರೆ ನಿಮ್ಮದು ಕಾರ್ಡಿನಲ್ಲಿ ಹಿಡಿಯುವ ವಿಷಯ ಅಲ್ಲ, ಇನ್‌ಲ್ಯಾಂಡ್ ಲೆಟರೇ ತಗೊಳ್ಳಿ. ಮತ್ತೆ, ಸ್ವಂತ ಪುಸ್ತಕದಲ್ಲಿ ಪೆನ್ಸಿಲ್ ಸರಿ, ಲೈಬ್ರರಿ ಪುಸ್ತಕದಲ್ಲಿ ಯಾರೂ ಗೀಚಬೇಡಿ ದಯವಿಟ್ಟು, ಮಕ್ಕಳು ಪ್ರಶ್ನೋತ್ತರಕ್ಕೆ ಗೆರೆ ಎಳೆದು ಎಳೆದು ಎಷ್ಟು ಪುಸ್ತಕ ಹಾಳಾದದ್ದು ಕಂಡಿದ್ದೇನೆ.

ಮಾಳಮಡ್ಡಿ:
ಅಕ್ಕಾರ, ನಿಮ್ಮ ಪೋಸ್ಟ್ ಓದಿ ಭಾಳ ಛಲೋ ಅನಸ್ತು. ಲೇಖಕರು ಓದುಗರು ದೂರ ದೂರ ಅನ್ನೂದು ನಮ್ಮ ಕಡೆ ಮೊದಲಿಂದನೂ ಇಲ್ರಿ. ಗಳಗನಾಥರು ತಾವು ಬರದ ಕಾದಂಬರಿ ತಾವೇ ಹೊತಗೊಂಡು ಊರೂರು ತಿರುಗಿ ಮಾರ್ಯಾರ, ಮನಿ ಬಾಗಲಕ್ಕ ಬಂದು ನಿಂತ ಲೇಖಕನ ಕೈಯಿಂದನ ಪುಸ್ತಕ ತಗೊಂಡ ಮಂದಿ ನಮ್ಮ ಹಿರ್ಯಾರು. ಆಮ್ಯಾಲೆ 1933ರಾಗ ಜಿ.ಬಿ. ಜೋಶಿಯವರು ಧಾರವಾಡದಾಗ ಮನೋಹರ ಗ್ರಂಥಮಾಲಾ ಅನ್ನೂ ಪ್ರಕಾಶನ ಸುರು ಮಾಡಿದ್ರಲಾ, ಅದೂ ಚಂದಾದಾರರನ್ನ ನಂಬಿನ. ನಮ್ಮ ಅಜ್ಜ ಚಂದಾದಾರ ಇದ್ರು. ವರ್ಷದ ಪುಸ್ತಕದ ಗಂಟು ಪೋಸ್ಟಿನ್ಯಾಗ ಬಂದ ದಿನ ಅಜ್ಜ ಯಾರಿಗೂ ಮುಟ್ಟಗೊಡ್ತಿರಲಿಲ್ಲ, ತಾವೇ ಸುತಳಿ ಬಿಚ್ಚಿ, ಆ ಸುತಳೀನೂ ಸುತ್ತಿ ತಗದಿಟ್ಟು, ಎಲ್ಲಾ ಪುಸ್ತಕದ ಮ್ಯಾಲೂ ಹೆಸರು ತಾರೀಖು ಬರದ ಆಮ್ಯಾಲೆನ ಅಜ್ಜಿ ಕೈಗೆ ಕೊಡ್ತಿದ್ರು. ಸುಭಾಸ ರೋಡಿನ ಗ್ರಂಥಮಾಲಾದ ಅಟ್ಟಕ್ಕ ಬೇಂದ್ರೆ, ಕುರ್ತಕೋಟಿ, ಕಾರ್ನಾಡ ಎಲ್ಲಾರೂ ಬಂದು ಕೂತು ಹರಟಿ ಹೊಡದ ಜಾಗಾ ಅದು. ಧಾರವಾಡಕ್ಕ ಬಂದ್ರ ಒಮ್ಮೆ ಹತ್ತಿ ಬರ್ರಿ. ಕಾಗದಾ ಬರೀರಿ, ಅಂಜಬ್ಯಾಡ್ರಿ.

ಕಥೆ ಬರೆಯೋನು:
ನಂದು ಎರಡು ಸಂಕಲನ ಬಂದಿದೆ, ಅಷ್ಟೇನೂ ಗೊತ್ತಿರೋ ಹೆಸರಲ್ಲ, ಅದಕ್ಕೇ ಈ ಕಡೆಯಿಂದ ಹೇಗಿರುತ್ತೆ ಅಂತ ಹೇಳ್ತೀನಿ. ನಮ್ಮಂಥೋರ ಪುಸ್ತಕ ಸಾಮಾನ್ಯವಾಗಿ 500 ಇಲ್ಲ 1000 ಪ್ರತಿ ಹಾಕ್ತಾರೆ, ಅದು ಯಾರ ಮನೆಗೆ ಹೋಯ್ತು, ಯಾರು ಓದಿದ್ರು, ಏನೂ ಗೊತ್ತಾಗಲ್ಲ, ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾಯ್ತಾ ನಿಂತ ಹಾಗೆ. ನನಗೆ ಬಂದ ಮೊದಲ ಫೋನು ಶಿರಸಿ ಕಡೆಯ ಹಿರಿಯರೊಬ್ರದ್ದು, ಬೆಳಗ್ಗೆ ಆರೂವರೆಗೆ. ನಾನೊಂದು ಕಥೇಲಿ ಜೂನ್ ತಿಂಗಳ ಮಳೇಲಿ ಅಡಿಕೆ ಗೊನೆ (ಆ ಕಡೆ ಕೊನೆ ಅಂತಾರೆ) ಕೊಯ್ಲು ನಡೀತಿದೆ ಅಂತ ಬರ್ದುಬಿಟ್ಟಿದ್ದೆ. ಬೆಂಗಳೂರಲ್ಲಿ ಬೆಳೆದವನು, ತೋಟ ಅಂದ್ರೆ ಬೇಸಿಗೆ ರಜಕ್ಕೆ ಹೋಗ್ತಿದ್ದ ಅಜ್ಜಿ ಮನೆ ಅಷ್ಟೇ. "ತಮ್ಮಾ, ಆಗ ಕೊಳೆ ರೋಗಕ್ಕೆ ಔಷಧಿ ಹೊಡೆಯೋ ಕಾಲ, ಕಾಯಿ ಇನ್ನೂ ಎಳೇದು, ಆ ಮಳೇಲಿ ಯಾವ ಕೊನೆಗಾರ ಮರ ಹತ್ತುತ್ತಾನೆ?" ಅಂದ್ರು. ನಾನು ನಾಚಿಕೆಯಿಂದ ಸುಮ್ಮನಾದೆ. ಆಮೇಲೆ ಅವ್ರೇ ಇಪ್ಪತ್ತು ನಿಮಿಷ ಆ ಕಥೆಯ ಅಜ್ಜಿ ಬಗ್ಗೆ ಮಾತಾಡಿದ್ರು, ಅವರ ತಾಯಿ ಹಾಗೇ ಇದ್ರಂತೆ. ಎರಡನೇ ಮುದ್ರಣದಲ್ಲಿ ತಿಂಗಳು ತಿದ್ದಿ ಅವರಿಗೊಂದು ಪ್ರತಿ ಕಳಿಸಿದೆ, ಈಗಲೂ ಯುಗಾದಿಗೆ ದೀಪಾವಳಿಗೆ ಫೋನ್ ಮಾಡ್ತಾರೆ. ಯಾವ ವಿಮರ್ಶೆಯೂ ನನಗೆ ಅಷ್ಟು ಕೊಟ್ಟಿಲ್ಲ.

ನಿಮ್ಮ ಪೆನ್ಸಿಲ್ ಸಾಲು ಖಂಡಿತ ಕಳಿಸಿ. ಅದರಲ್ಲಿ ಯಾರ ಹೆಸರೂ ಇಲ್ಲ, ಹಾಗಾಗಿ ಗುಟ್ಟು ಬಯಲಾಗೋ ಪ್ರಶ್ನೆ ಬರಲ್ಲ. ಆ ಓದುಗರ ಮಾತು ಯಾವತ್ತೂ ಲೇಖಕಿಗೆ ತಲುಪಿಲ್ಲ, ನಿಮ್ಮಿಂದ ತಲುಪಲಿ.

ಶನಿವಾರದ ಓದು:
ಅಕ್ಕ, ಹಳೇ ಪುಸ್ತಕದ ವಿಳಾಸ ಬದಲಾಗಿರ್ಬಹುದು, ಸುಮ್ನೆ ಪೋಸ್ಟ್ ಮಾಡ್ಬೇಡಿ, ಪ್ರಕಾಶಕರಿಗೆ ಒಂದು ಫೋನ್ ಹಾಕಿ ಕೇಳಿ. ನಾನು ಮೆಟ್ರೋದಲ್ಲಿ ಮೊಬೈಲಲ್ಲೇ ಓದೋನು, ಶನಿವಾರ ಬೆಳಗ್ಗೆ ಮಾತ್ರ ಕಬ್ಬನ್ ಪಾರ್ಕಿಗೆ ಪೇಪರ್ ಪುಸ್ತಕ ತಗೊಂಡು ಹೋಗ್ತೀನಿ, 2023ರಿಂದ ಅಲ್ಲಿ ಎಲ್ಲರೂ ಚಾಪೆ ಹಾಸ್ಕೊಂಡು ಮಾತಿಲ್ದೆ ಕೂತು ಓದ್ತಾರೆ. ಪಕ್ಕದಲ್ಲಿ ಕೂತೋರ ಕೈಲಿ ಕನ್ನಡ ಪುಸ್ತಕ ಕಂಡ್ರೆ ಎದ್ದು ಹೋಗೋ ಮುಂಚೆ ಒಂದು ನಗು ಕೊಟ್ಟೇ ಕೊಡ್ತಾರೆ, ಹಂಗೇ ಇಬ್ಬರು ಫ್ರೆಂಡ್ಸ್ ಆಗಿದಾರೆ ನಂಗೆ. ಇನ್ನೊಂದು, ಇಲ್ಲಿ ಯಾರಾದ್ರೂ ಅಕ್ಕನಿಗೆ ಇನ್‌ಬಾಕ್ಸಲ್ಲಿ ಪುಸ್ತಕದ ಹೆಸ್ರು ಕೇಳಿ ಪಿಡಿಎಫ್ ಹುಡುಕೋ ಪ್ಲಾನಲ್ಲಿದ್ರೆ ಬೇಡ ಪ್ಲೀಸ್. ಮೇಲೆ ಕಥೆ ಬರೆಯೋನು ಸರ್ ಹೇಳಿದ್ರಲ್ಲ 500 ಪ್ರತಿ ಅಂತ, ಅದರಲ್ಲಿ ನೂರು ಜನ ವಾಟ್ಸಾಪ್ ಗ್ರೂಪಲ್ಲಿ ಓದಿಬಿಟ್ರೆ ಮುಂದಿನ ಪುಸ್ತಕ ಯಾರು ಹಾಕ್ತಾರೆ.

ಹರಿಹರ ಬಸ್ಸು:
ಎಲ್ರಿಗೂ ಥ್ಯಾಂಕ್ಸ್, ನಿಜವಾಗ್ಲೂ. ಪ್ರಕಾಶಕರಿಗೆ ಫೋನ್ ಮಾಡಿದ್ದೆ, ಮೇಡಂ ಈಗ ಮೈಸೂರಲ್ಲಿ ಮಗಳ ಮನೇಲಿದಾರಂತೆ, ಹೊಸ ವಿಳಾಸ ಕೊಟ್ರು. ಬರೀತಾ ಬರೀತಾ ಇನ್‌ಲ್ಯಾಂಡ್ ಸಾಲ್ದೆ ನಾಕು ಹಾಳೆ ಆಗಿ ಕವರ್‌ಗೆ ಹಾಕ್ದೆ. ಪೆನ್ಸಿಲ್ ಸಾಲು ಒಟ್ಟು ಹದಿನೇಳು, ಪುಟದ ನಂಬರ್ ಸಮೇತ ಬೇರೆ ಹಾಳೇಲಿ ಇಳಿಸಿದೀನಿ, ಅವ್ರು ಎಲ್ಲಿ ಒತ್ತಿ ಬರ್ದಿದ್ರೋ ಅಲ್ಲಿ ನಾನೂ ಗೆರೆ ಹಾಕಿದೀನಿ. ಇವತ್ತು ಮಧ್ಯಾಹ್ನ ಊಟದ ಟೈಮಲ್ಲಿ ಹೋಗಿ ಡಬ್ಬಿಗೆ ಹಾಕಿ ಬಂದೆ.

ಕಥೆ ಬರೆಯೋನು ಸರ್, ಆ ಅಡಿಕೆ ತೋಟದ ಕಥೆ ಯಾವ ಸಂಕಲನದಲ್ಲಿದೆ? ಎಲ್ಲಿ ಸಿಗುತ್ತೆ ಹೇಳಿ, ದಾವಣಗೆರೇಲಿ ಸಿಗದಿದ್ರೆ ತರಿಸ್ಕೋತೀನಿ. ಸೋಮವಾರದ ಬಸ್ಸಿಗೆ ಕೈಲಿ ಏನೂ ಇಲ್ಲ.